ಒಪ್ಪೋಲೆಯ ಧರ್ಮ

ಹಿಂದಿನ ಕನ್ನಡ ಗ್ರಂಥಗಳ ಕೊನೆಯಲ್ಲಿ ‘ಒಪ್ಪೋಲೆ’ ಎಂಬ ಪುಟವೊಂದು ಇರುತ್ತಿದ್ದುದುಂಟು. ‘ಒಪ್ಪು’ ಎಂಬ ಮಾತಿಗೆ ಸರಿಯಾದುದು ಎಂಬ ಅರ್ಥವೂ ಅಂಗೀಕರಿಸು ಎಂಬ ಅರ್ಥವೂ ಇರುವುದರಿಂದ ಆ ಹೆಸರು ಸಾರ್ಥಕವಾದುದು. ಆದರೆ ಒಪ್ಪೋಲೆ ಅಕ್ಷರಸ್ಖಾಲಿತ್ಯವನ್ನು ತಿದ್ದುತ್ತದೆಯೇ ಹೊರತು ನಿರ್ಣಯದ ತಪ್ಪನ್ನಲ್ಲ. ಅನೇಕ ವಿದ್ವಾಂಸರು ಸೇರಿ ನಡೆಸುವ ಪ್ರಕಟಣಕಾರ್ಯದಲ್ಲಂತೂ ಒಂದು ತಪ್ಪು ಯಾರದು, ಅದನ್ನು ಒಪ್ಪಿಕೊಳ್ಳಬೇಕಾದವರಾರು ಎಂಬ ಪ್ರಶ್ನೆ ಬಹು ಸೂಕ್ಷ್ಮವಾದುದು.

ನಾಗಪುರ ಸೀಮೆಯ ಇತಿಹಾಸವೇ ಇದಕ್ಕೊಂದು ನಿದರ್ಶನ. ಇಂದು ನಗರದ ದಕ್ಷಿಣಕ್ಕೆ, ವಿಮಾನನಿಲ್ದಾಣದ ಬಳಿ, ಮಿಹಾನ್ ಎಂಬ ಉದ್ಯಮವಲಯ ತಲೆಯೆತ್ತಿದೆ. ನಗರದ ಈಶಾನ್ಯಕ್ಕೆ ರಾಮಟೇಕದ ಬಳಿ ನಗರಧನವೆಂಬ ಊರಿದೆ; ವಾಕಾಟಕರ ರಾಜಧಾನಿಯಾದ ನಂದಿವರ್ಧನ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಈ ವಂಶದ ಎರಡನೆಯ ಪ್ರವರಸೇನನ ಚಮ್ಮಕ್ ತಾಮ್ರಶಾಸನದಲ್ಲಿ ಅವನ ತಾಯಿ ಪ್ರಭಾವತಿಗುಪ್ತೆ ದೇವಗುಪ್ತನ ಮಗಳೆಂದಿದೆ. ಕನ್ನಡನಾಡಿನ ಶಾಸನಗಳಿಗೂ ಲಾವಣಿಗಳಿಗೂ ಮಹೋಪಕಾರ ಮಾಡಿದ ಫ್ಲೀಟರು ಭಾರತೀಯ ಶಾಸನಮಾಲೆಯ 3ನೆಯ ಸಂಪುಟದಲ್ಲಿ (1888) ಈ ದೇವಗುಪ್ತನನ್ನು ಮಗಧದ ಉತ್ತರಕಾಲೀನ ಗುಪ್ತರಲ್ಲೊಬ್ಬನೆಂದು ಭಾವಿಸಿದರು. ಅದರಿಂದ ವಾಕಾಟಕರ ಕಾಲ ಸುಮಾರು ಮೂರು ಶತಮಾನಗಳಷ್ಟು ಕೆಳಗಿಳಿಯಿತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಕೆ. ಬಿ. ಪಾಠಕರು ಬೆಳಕಿಗೆ ತಂದ, ನಂದಿವರ್ಧನದಿಂದಲೇ ಹೊರಟ, ಪುಣೆಯ ತಾಮ್ರಪಟಗಳು ಪ್ರಭಾವತಿಯ ತಂದೆ ಎರಡನೆಯ ಚಂದ್ರಗುಪ್ತನೆಂದು ತೋರಿಸಿಕೊಟ್ಟವು. ಮುಂದೆ ಅದೇ ಮಾಲೆಯ 5ನೆಯ ಸಂಪುಟದಲ್ಲಿ (1963), ನಾಗಪುರದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ವಾಸುದೇವ ವಿಷ್ಣು ಮಿರಾಶಿಯವರು ವಾಕಾಟಕ ಶಾಸನಗಳನ್ನು ಹೊಸದಾಗಿ ಸಂಪಾದಿಸಿದರು. ತಪ್ಪು ಹುಟ್ಟಿದ ಮಾಲೆಯಲ್ಲಿಯೇ ಅದರ ಪರಿಹಾರವೂ ಆಯಿತೆಂಬುದು ಗಮನಾರ್ಹ.

ತಿದ್ದಿದವರೂ ತಪ್ಪಿಗೆ ಹೊರತಾದವರಲ್ಲ. ಇದೇ ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಪ್ರಕಟಿಸಿದಾಗ ಅದನ್ನು ನೃಪತುಂಗನ ಕೃತಿಯೆಂದೇ ನಿರ್ದೇಶಿಸಿದರು. ಗ್ರಂಥಕರ್ತೃ ಶ್ರೀವಿಜಯ, ದೊರೆಯದು ಅನುಮತಿಮಾತ್ರ ಎಂಬ ಪಕ್ಷಕ್ಕೆ ಇಂದು ಬಹುಮಂದಿ ವಿದ್ವಾಂಸರ ಸಮ್ಮತಿಯಿದೆ. ಫ್ಲೀಟರ ತಪ್ಪನ್ನು ನೆನೆದು ಪಾಠಕರನ್ನು ಹೊಗಳುವವನು ಪಾಠಕರ ನಿರ್ಣಯವನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕು.

ಇವು ಸಾಮಗ್ರಿಯ ಅಭಾವದಿಂದಲೋ ಅರ್ಥನಿರ್ಣಯದ ಭೇದದಿಂದಲೋ ಬಂದ ತಪ್ಪುಗಳು. ಇವುಗಳಲ್ಲಿ ಅಪಮಾನವೇನೂ ಇಲ್ಲ. ಕಾರ್ಯವಿಧಾನದ ಅಲಕ್ಷ್ಯದಿಂದ ಹುಟ್ಟುವ ತಪ್ಪಿನ ಜಾತಿಯೇ ಬೇರೆ. ಅಮೆರಿಕದ ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಲ್ಲಿ ‘ಡೋರ್ಡ್’ ಎಂಬ ಶಬ್ದಕ್ಕೆ ಸಾಂದ್ರತೆಯೆಂಬ ಅರ್ಥ ಕೊಟ್ಟಿತ್ತು. ಅಂಥ ಶಬ್ದವೇ ಇರಲಿಲ್ಲ. ‘ಡಿ’ ಎಂಬ ಅಕ್ಷರ, ದೊಡ್ಡದಾಗಲಿ ಚಿಕ್ಕದಾಗಲಿ, ಸಾಂದ್ರತೆಯ ಸಂಕೇತವೆಂದು 1931ರಲ್ಲಿ ಬರೆದ ಚೀಟಿಯೊಂದು ಸಂಕ್ಷೇಪಗಳ ಕಟ್ಟಿಗೆ ಹೋಗದೆ ಶಬ್ದಗಳ ಕಟ್ಟಿಗೆ ಸೇರಿತು. ಬಿಡಿ ಅಕ್ಷರಗಳು ಕೂಡಿ ಪದವಾದವು. ವ್ಯುತ್ಪತ್ತಿಯಿಲ್ಲದ ಈ ನಮೂದು 1939ರಲ್ಲಿ ಸಂಪಾದಕರೊಬ್ಬರ ಕಣ್ಣಿಗೆ ಬಿತ್ತು. ಚೀಟಿ ಹಲವರ ಕೈದಾಟಿತ್ತು. ಒಬ್ಬೊಬ್ಬರೂ ಹಿಂದಿನವರು ನೋಡಿದ್ದಾರೆಂದು ನಂಬಿದ್ದಿರಬೇಕು. ಸಹಕಾರದ ಅಪಾಯವಿರುವುದು ಇಲ್ಲಿಯೇ. ಆದರೆ ಆ ನಿಘಂಟಿನ ಸಂಪಾದಕವರ್ಗಕ್ಕೆ ಸೇರಿದ ಫಿಲಿಪ್ ಗೋವ್ ಇಡೀ ವೃತ್ತಾಂತವನ್ನು 1954ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ಬರೆದು ಪ್ರಕಟಿಸಿದರು. ಇದರಿಂದ ನಿಘಂಟಿನ ಗೌರವ ಕುಗ್ಗಲಿಲ್ಲ. ಅಂಥ ಕೆಲಸಕ್ಕಿಳಿಯುವವರಿಗೆ ಒಂದು ಪಾಠವೇ ದೊರೆಯಿತು.

ಕನ್ನಡದಲ್ಲಿಯೂ ಸತ್ಪರಂಪರೆಗೆ ಕೊರತೆಯಿಲ್ಲ. ರೈಸರು 1886ರ ತಮ್ಮ ಕೊಡಗಿನ ಶಾಸನಸಂಪುಟವನ್ನು 1914ರಲ್ಲಿ ತಾವೇ ಪರಿಷ್ಕರಿಸಿದರು. ಅವರ ಶ್ರವಣಬೆಳಗೊಳ ಸಂಪುಟದಲ್ಲಿ (1889) 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದುವು. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು (1907) ಆರ್. ನರಸಿಂಹಾಚಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕೂಡಿ ರಚಿಸಿದ್ದರು. ಎಸ್. ಜಿ. ಅವರು ಅದೇ ವರ್ಷ ಕಾಲವಾದರು. 1924ರ ಪರಿಶೋಧಿತ ಮುದ್ರಣದ ಹೊಣೆ ಉಳಿದೊಬ್ಬರ ಮೇಲೆ ಬಿತ್ತು. ಗತಿಸಿದ ಸಹಕರ್ತೃ ಉತ್ತರ ಹೇಳಲಾರ. ಆದುದರಿಂದ ಜಂಟಿ ಕೃತಿಯನ್ನು ತಿದ್ದುವವನು ಹಳೆಯ ತಪ್ಪನ್ನು ‘ನಮ್ಮದು’ ಎನ್ನಬೇಕೇ ಹೊರತು ‘ಅವರದು’ ಎನ್ನಲಾಗದು.

ಇದರಿಂದ ಮೂರು ನಿಯಮಗಳು ಸಿದ್ಧವಾಗುತ್ತವೆ. ತಿದ್ದುಗೆ, ಸಾಧ್ಯವಿರುವಷ್ಟೂ, ತಪ್ಪು ಕಾಣಿಸಿಕೊಂಡ ಸ್ಥಳದಲ್ಲಿಯೇ ಕಾಣಬೇಕು. ತಪ್ಪು ಹೇಗೆ ಉಂಟಾಯಿತೆಂಬುದೂ ತಿಳಿಯಬೇಕು. ಹೊಣೆಯನ್ನು ಗೈರುಹಾಜರಾದವರ ಮೇಲಾಗಲಿ, ಕರಡು ತಿದ್ದಿದ ಕಿರಿಯರ ಮೇಲಾಗಲಿ ಹೊರಿಸದೆ ಹೆಸರು ಹಾಕಿದವರು ಹೊರಬೇಕು. ಮುಖಪತ್ರದಲ್ಲಿ ‘ಪರಿಷ್ಕೃತ’ವೆಂದು ಸಾರಿ, ಪರಿಷ್ಕರಿಸಿದುದೇನೆಂಬುದನ್ನು ಒಳಗೆಲ್ಲಿಯೂ ಹೇಳದ ಗ್ರಂಥಗಳು ಈ ಮೂರನ್ನೂ ಮೀರುತ್ತವೆ. ಅಲ್ಲಿ ತಪ್ಪು ಮಾಯವಾಗುತ್ತದೆ ನಿಜ. ಹಳೆಯ ಮುದ್ರಣವನ್ನು ನಂಬಿ ಬರೆದ ಓದುಗನು ಮಾತ್ರ ಆ ತಪ್ಪಿನೊಡನೆ ಒಬ್ಬನೇ ಉಳಿಯುತ್ತಾನೆ. ಒಪ್ಪೋಲೆ ಇರುವುದು ಅವನಿಗಾಗಿ.