ಉಂಡೆ ಬಿಡಿಸುವ ಕೈ

ಕ್ರೋಶಾ ಹಾಕುವವರನ್ನು ಎಲ್ಲರೂ ಹೊಗಳುತ್ತಾರೆ. ಹಾಕಿದ್ದನ್ನು ವರ್ಷಗಟ್ಟಲೆ ಚೆನ್ನಾಗಿ ಇಟ್ಟುಕೊಳ್ಳುವವರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ನಮ್ಮ ಸೋದರತ್ತೆ ಈ ಎರಡನೇ ಕೆಲಸದಲ್ಲಿ ಪಳಗಿದವರು.

ಸ್ವೆಟರಿನ ಕಂಕುಳು, ಪಕ್ಕೆ, ತೋಳಿನ ಅಂಚು, ವ್ಯಾನಿಟಿ ಬ್ಯಾಗು ಉಜ್ಜುವ ಜಾಗ: ಉಂಡೆ ಕಟ್ಟುವುದು ಅಲ್ಲೇ. ತಿಕ್ಕಾಟಕ್ಕೆ ನೂಲಿನ ಬಿಡಿ ಎಳೆಗಳು ಹೊರಬಂದು, ಒಂದಕ್ಕೊಂದು ಸುತ್ತಿಕೊಂಡು, ಸಾಸಿವೆ ಕಾಳಿನಷ್ಟು ದಪ್ಪವಾಗುತ್ತವೆ. ಉಣ್ಣೆಯದಾದರೆ ಎಷ್ಟೋ ಉಂಡೆ ತಾನಾಗಿ ಉದುರುತ್ತದೆ. ಅಕ್ರಿಲಿಕ್ ಎಳೆ ಗಟ್ಟಿ, ಬುಡ ಬಿಡುವುದಿಲ್ಲ. ಕಿತ್ತರಂತೂ ಇನ್ನಷ್ಟು ಎಳೆ ಹೊರಬಂದು ಮುಂದಿನ ಉಂಡೆಗೆ ನಾವೇ ದಾರಿ ಮಾಡಿಕೊಟ್ಟಂತೆ.

ಅತ್ತೆ ಕೀಳುವುದಿಲ್ಲ. ಸ್ವೆಟರಿನೊಳಗೆ ಎಡಗೈ ತೂರಿಸಿ, ಅಂಗೈ ಮೇಲೆ ಅದನ್ನು ಹದವಾಗಿ ಬಿಗಿಮಾಡುತ್ತಾರೆ. ಪುಟ್ಟ ಕತ್ತರಿಯನ್ನು ಅಡ್ಡಡ್ಡ ಮಲಗಿಸಿ, ಮೊನೆಯಲ್ಲೇ ಉಂಡೆಯನ್ನು ಚೂರು ಎತ್ತಿ, ಅದರ ತೊಟ್ಟನ್ನಷ್ಟೇ ಕತ್ತರಿಸುತ್ತಾರೆ. ಪಕ್ಕದ ಕುಣಿಕೆ ಅಲುಗುವುದೂ ಇಲ್ಲ! ಬ್ಯಾಟರಿ ಶೇವರ್ ಅವರ ಬಳಿಯೂ ಇದೆ, ಮಗ ತಂದುಕೊಟ್ಟದ್ದು. ಅಂಗಡಿಯ ಸಪಾಟು ಸ್ವೆಟರಿಗೆ ಅದು ಸರಿ. ಕ್ರೋಶಾದಲ್ಲಿ ಕುಣಿಕೆಗಳು ಸಡಿಲ, ಪಾಪ್‌ಕಾರ್ನ್ ಹೆಣಿಗೆಯಂತೂ ಉಬ್ಬಿಯೇ ಇರುತ್ತದೆ. ಬ್ಲೇಡಿಗೆ ಒಂದು ಕುಣಿಕೆ ಸಿಕ್ಕಿದರೆ ತೂತೇ ಗತಿ.

ಕೊನೆಗೆ ಉಳಿದ ಧೂಳು, ಜುಂಗಿಗೆ ಅಗಲದ ಟೇಪನ್ನು ಮೆಲ್ಲಗೆ ಒತ್ತಿ ಎತ್ತುತ್ತಾರೆ. ಒಗೆಯುವಾಗ ಒಳಮೈ ಹೊರಗೆ ತಿರುಗಿಸಿಯೇ ಒಗೆಯುತ್ತಾರೆ.

ಕೈಯಲ್ಲಿ ಹಾಕಿದ ಸ್ವೆಟರು ನಿಮ್ಮ ಮನೆಯಲ್ಲೂ ಇದ್ದರೆ ಮೊದಲು ಒಂದು ಸಣ್ಣ ಕತ್ತರಿ ಹುಡುಕಿಟ್ಟುಕೊಳ್ಳಿ. ಶೇವರಿನ ಮಾತು ಆಮೇಲೆ.