ಮುಖ ಬದಲಾದ ಮೇಲೂ ಉಳಿಯುವವನು

ನಟ ಹೋದರೆ ಪಾತ್ರ ಏನಾಗಬೇಕು? ನಮ್ಮ ಧಾರಾವಾಹಿಗಳ ಉತ್ತರ ಸುಲಭದ್ದು. ಸೋಮವಾರದಿಂದ ಮನೆಯ ಹಿರಿಮಗನಿಗೆ ಬೇರೆ ಮುಖ. ಅಮ್ಮನೂ ಹೆಂಡತಿಯೂ ಏನೂ ಆಗದವರಂತೆ ಅವನಿಗೆ ಕಾಫಿ ಕೊಡುತ್ತಾರೆ. ಬಿಬಿಸಿಯ ‘ಡಾಕ್ಟರ್ ಹೂ’ ಮಾತ್ರ ಈ ಬದಲಾವಣೆಯನ್ನೇ ಕಥೆ ಮಾಡಿಕೊಂಡಿತು.

1963ರ ನವೆಂಬರ್ 23ರಂದು ಶುರುವಾದ ಈ ಸರಣಿಯ ನಾಯಕ, ಪೊಲೀಸ್ ಪೆಟ್ಟಿಗೆಯಂತೆ ಕಾಣುವ ಯಂತ್ರದಲ್ಲಿ ಕಾಲ ದೇಶಗಳನ್ನು ಸುತ್ತುವ ಅನ್ಯಗ್ರಹವಾಸಿ. ಮೊದಲ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಿತ್ತು. 1966ರ ಅಕ್ಟೋಬರ್ 29ರ ಕಂತಿನ ಕೊನೆಯಲ್ಲಿ ಮುದುಕ ಡಾಕ್ಟರ್ ಕುಸಿದುಬಿದ್ದ, ಮುಖದ ಮೇಲೆ ಬೆಳಕು ಹರಡಿತು, ಅದೇ ಜಾಗದಲ್ಲಿ ಪ್ಯಾಟ್ರಿಕ್ ಟ್ರೌಟನ್ ಮಲಗಿದ್ದರು. ಉದ್ದದ ವಿದಾಯ ಭಾಷಣವೇನೂ ಇರಲಿಲ್ಲ.

ಅಸಲ್ಫಾದ ಗೀತಾಂಬಿಕಾ ಮಂದಿರದಲ್ಲೋ ಊರಿನ ಗದ್ದೆಯಲ್ಲೋ ಯಕ್ಷಗಾನ ನೋಡಿದ ಘಾಟ್ಕೋಪರಿನ ನಮ್ಮವರಿಗೆ ಇದು ತೀರಾ ಹೊಸತಲ್ಲ. ಇಡೀ ರಾತ್ರಿಯ ಆಟದಲ್ಲಿ ಒಂದೇ ಪಾತ್ರವನ್ನು ಮೊದಲು ಒಬ್ಬರು, ಬೆಳಗಿನ ಜಾವಕ್ಕೆ ಇನ್ನೊಬ್ಬರು ಮಾಡುವುದುಂಟು. ಯಾರೂ ಗೊಂದಲಕ್ಕೆ ಬೀಳುವುದಿಲ್ಲ. 2017ರಲ್ಲಿ ಜೋಡಿ ವಿಟ್ಟೇಕರ್ ಎಂಬ ನಟಿ ಡಾಕ್ಟರ್ ಆದಾಗ ಕೆಲವರು ಮುನಿಸಿಕೊಂಡರು. ಗಂಡಸರ ಸ್ತ್ರೀವೇಷ ನೋಡಿಯೇ ಬೆಳೆದ ನಮಗೆ ಆ ಮುನಿಸು ಹೊಂದುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ವೇಷಧಾರಿ ಬದಲಾದದ್ದು ಯಕ್ಷಗಾನದ ಕೃಷ್ಣನಿಗೆ ಗೊತ್ತಿಲ್ಲ. ಡಾಕ್ಟರ್‌ಗೆ ಗೊತ್ತು. ತನ್ನ ನೆನಪುಗಳೆಲ್ಲ ಉಳಿಯುತ್ತವೆ, ಆದರೆ ಅವುಗಳನ್ನು ಹೊತ್ತು ನಡೆಯುವವನು ತಾನಲ್ಲ ಎಂಬ ಭಯ ಅವನದು.

ಈ ಭಯವನ್ನು ಹೇಗೆ ಬಳಸಿಕೊಂಡಿದೆ ಎನ್ನುವುದರಲ್ಲೇ ಒಂದೊಂದು ವಿದಾಯದ ಬೆಲೆ ಇದೆ. 2010ರ ಜನವರಿ 1ರಂದು ಡೇವಿಡ್ ಟೆನಂಟ್ ಹೊರಟಾಗ ಕಥೆ ಎತ್ತರಕ್ಕೇರಿ ಜಾರಿತು. ಗಾಜಿನ ಕೋಣೆಯಲ್ಲಿ ಸಿಕ್ಕಿಬಿದ್ದ ಒಬ್ಬ ಸಾಧಾರಣ ಮುದುಕನನ್ನು ಉಳಿಸಲು ಡಾಕ್ಟರ್ ತಾನೇ ವಿಕಿರಣಕ್ಕೆ ಒಡ್ಡಿಕೊಳ್ಳುತ್ತಾನೆ. ಅದಕ್ಕೂ ಮೊದಲು, ಇದು ಅನ್ಯಾಯ ಎಂದು ಕೂಗಾಡುತ್ತಾನೆ. ಆ ಸಿಟ್ಟು ನಿಜವಾದದ್ದು. ಆಮೇಲೆ ಹಳೆಯ ಗೆಳೆಯರನ್ನೆಲ್ಲ ಒಬ್ಬೊಬ್ಬರಾಗಿ ನೋಡಿಬರುವ ಭಾಗ ಮಾತ್ರ ಬೀಳ್ಕೊಡುಗೆ ಸಮಾರಂಭದಂತೆ ಎಳೆಯುತ್ತದೆ. ಮುಂದೆ ಬರುವವನು ಅಪರಾಧಿಯೇನೋ ಎನ್ನುವ ಭಾವನೆಯನ್ನೂ ಹುಟ್ಟಿಸುತ್ತದೆ.

2017ರ ಕ್ರಿಸ್ಮಸ್ ದಿನದ ಪೀಟರ್ ಕಪಾಲ್ಡಿ ಅವರ ವಿದಾಯ ಇದಕ್ಕಿಂತ ಮೇಲಿನದು. ಬದಲಾಗಲು ಒಲ್ಲದ ಈ ಡಾಕ್ಟರ್, ಬದಲಾಗಲು ಒಲ್ಲದ ಮೊದಲ ಡಾಕ್ಟರ್‌ನನ್ನು ಎದುರುಗೊಳ್ಳುತ್ತಾನೆ. ಹಾರ್ಟ್ನೆಲ್ 1975ರಲ್ಲೇ ತೀರಿಕೊಂಡಿದ್ದರಿಂದ ಆ ಪಾತ್ರದಲ್ಲಿ ಡೇವಿಡ್ ಬ್ರ್ಯಾಡ್ಲಿ ಇದ್ದಾರೆ. 1983ರಲ್ಲಿ ಅದೇ ಪಾತ್ರವನ್ನು ರಿಚರ್ಡ್ ಹರ್ಂಡಲ್ ಮಾಡಿದ್ದರು. ಅಂದರೆ ಒಂದೇ ದೇಹಕ್ಕೆ ಮೂವರು ನಟರು, ಯಾವ ವಿವರಣೆಯೂ ಇಲ್ಲದೆ. ಪುನರ್ಜನ್ಮದ ನೆಪವಿಲ್ಲದೆಯೂ ನೋಡುಗರು ಒಪ್ಪುತ್ತಾರೆಂದು ಸರಣಿ ತಾನೇ ತೋರಿಸಿಕೊಟ್ಟಿತು. ಇಬ್ಬರೂ ಕೊನೆಗೆ ಮನಸ್ಸು ಬದಲಿಸುವುದು ವಾದದಿಂದಲ್ಲ, 1914ರ ಯುದ್ಧಭೂಮಿಯಲ್ಲಿ ಸೈನಿಕರು ಒಂದು ದಿನದ ಮಟ್ಟಿಗೆ ಬಂದೂಕು ಕೆಳಗಿಟ್ಟದ್ದನ್ನು ನೋಡಿ. ಬದುಕುಳಿಯುವುದಕ್ಕೆ ಅಲ್ಲಿ ಒಂದು ಕಾರಣ ಸಿಗುತ್ತದೆ.

2025ರ ಮೇ 31ರಂದು ಎರಡೇ ಸೀಸನ್ ಮುಗಿಸಿ ಶೂಟಿ ಗಟ್ವಾ ಹೋದಾಗ ಅಂಥ ಕಾರಣ ಕಾಣಲಿಲ್ಲ. ಬಿಲ್ಲಿ ಪೈಪರ್ ಮುಖ ಬಂತು. ಅವರ ಪಾತ್ರ ಯಾವುದೆಂದು ಹೆಸರುಪಟ್ಟಿ ಹೇಳಲೂ ಇಲ್ಲ. ಅಚ್ಚರಿ ಹುಟ್ಟಿತು, ನೋವು ಹುಟ್ಟಲಿಲ್ಲ. ಹೋಗುವವನಿಗೆ ಕಳೆದುಕೊಳ್ಳುವುದೇನೆಂದು ತಿಳಿಯುವಷ್ಟು ಸಮಯ ಕೊಡದೆ ಬರುವವರಿಗೆ ಬಾಗಿಲು ತೆರೆದರೆ ಅದು ಬರೀ ಧಾರಾವಾಹಿಯ ಸೋಮವಾರ.

ಊರು ಬಿಟ್ಟ ನಮಗೆ ಈ ಸರಣಿ ತಟ್ಟುವುದು ಇಲ್ಲೇ. ಮುಂಬಯಿಯಲ್ಲಿ ಹುಟ್ಟಿದ ಮಗು ಅರ್ಥವನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ಅಭಿಮನ್ಯುವಾಗಿ ಕುಣಿಯುವಾಗ, ಹಿಂದಿನವರ ಹಾಗಿಲ್ಲ ಎಂದು ನಾವು ತಟ್ಟನೆ ತೀರ್ಪು ಕೊಡುತ್ತೇವೆ. ನಿಜ, ಹಾಗಿಲ್ಲ. ಟ್ರೌಟನ್ ಕೂಡ ಹಾರ್ಟ್ನೆಲ್ ಹಾಗಿರಲಿಲ್ಲ. ಅವರನ್ನು ಅನುಕರಿಸಲೂ ಇಲ್ಲ. ಹಾಗಾಗಿಯೇ ಡಾಕ್ಟರ್ ಉಳಿದ.