ಎಡಚರ ಬೋಲ್ಟು, ಹಳೆಯ ತೋಟೆ

ಜಿಮ್ ಕಾರ್ಬೆಟ್ಟರ ರಿಗ್ಬಿ ಕೋವಿಯನ್ನು ಕನ್ನಡ ಓದುಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿದವರೆಲ್ಲ ಆ ಕೋವಿಯ ಜೊತೆ ಮಾವಿನ ಮರದ ಮೇಲೆ ರಾತ್ರಿ ಕಳೆದವರೇ. 1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಕೊಟ್ಟ ಉಡುಗೊರೆ ಅದು. ಒಳಗಿನ ಯಂತ್ರ ಜರ್ಮನಿಯ ಮೌಸರ್, ಕೈಕೆಲಸ ಲಂಡನ್ನಿನದು, ತೋಟೆ 7×57. ಇದೇ ತೋಟೆಗೆ ಬ್ರಿಟಿಷರು .275 ರಿಗ್ಬಿ ಎಂದರು.

ನೂರಕ್ಕೂ ಹೆಚ್ಚು ವರ್ಷ ಕಳೆದರೂ ಅಮೆರಿಕ, ಬ್ರಿಟನ್, ಜರ್ಮನಿಗಳ ಬೇಟೆಗಾರರು ಈ ತೋಟೆಗೆಂದೇ ಹೊಸ ರೈಫಲ್ ಕಟ್ಟಿಸುವುದನ್ನು ಬಿಟ್ಟಿಲ್ಲ. ಅವರಲ್ಲಿ ಎಡಚರೂ ಇದ್ದಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿದೆ. ಮುಚ್ಚಿದ್ದು ಒಳ್ಳೆಯದೇ ಆಯಿತು. ಹಾಗಾಗಿ ಬೇಟೆ ಸರಿಯೋ ತಪ್ಪೋ ಎಂಬ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಒಬ್ಬರ ಮೈಗೆ ಅಳೆದು ಆಯುಧ ಕಟ್ಟಿಸುವ ಈ ಪದ್ಧತಿಯಲ್ಲಿ ವಿವೇಕ ಎಷ್ಟಿದೆ, ಒಣ ವ್ಯಾಮೋಹ ಎಷ್ಟಿದೆ ಎಂಬುದಷ್ಟೇ ನನ್ನ ಪ್ರಶ್ನೆ. ಎಡಚರು ಹಾಕುವ ಯೋಜನೆ ಬಲಗೈಯವರದಕ್ಕಿಂತ ಹೆಚ್ಚಿನ ಸಲ ಗಟ್ಟಿಯಾಗಿರುತ್ತದೆ ಎಂಬುದು ನನ್ನ ಎಣಿಕೆ. ಅದಕ್ಕೆ ಅವರ ಜಾಣತನ ಕಾರಣವಲ್ಲ, ಮಾರುಕಟ್ಟೆಯ ಕೊರತೆ ಕಾರಣ.

ಬಲಗೈಯವರ ಯೋಜನೆ ಸಾಮಾನ್ಯವಾಗಿ ತೋಟೆಯ ಹೆಸರಿನಿಂದ ಶುರುವಾಗುತ್ತದೆ. ಕಾರ್ಬೆಟ್ ಹಿಡಿದದ್ದು, ಆಫ್ರಿಕದಲ್ಲಿ ಬೇಟೆಗಾರ ಬೆಲ್ ನೂರಾರು ಆನೆ ಹೊಡೆದದ್ದು ಇದೇ ತೋಟೆಯಿಂದ ಎಂಬಲ್ಲಿಂದ ಹೊರಟು ಅಕ್ರೋಟ್ ಮರದ ನಕ್ಷೆ, ಉಕ್ಕಿನ ಮೇಲಿನ ಕೆತ್ತನೆ ಎಂದು ಸಾಗುತ್ತದೆ. ಬೆಲ್‌ನ ಯಶಸ್ಸು ಆನೆಯ ತಲೆಬುರುಡೆಯ ಒಳರಚನೆಯನ್ನು ಆತ ಅರಿತದ್ದರಲ್ಲಿತ್ತೇ ಹೊರತು ತೋಟೆಯಲ್ಲಿ ಅಲ್ಲ ಎಂಬುದು ಈ ಉಮೇದಿನಲ್ಲಿ ಮರೆತೇಹೋಗುತ್ತದೆ. ತೋಟೆಯನ್ನು ನಳಿಗೆಗೆ ತಳ್ಳಿ ಬೀಗ ಹಾಕುವ ಬೋಲ್ಟು ಕೂರುವ ಮುಖ್ಯ ಯಂತ್ರಭಾಗ, ಅಂದರೆ ಆಕ್ಷನ್, ಅವರಿಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಆದ್ದರಿಂದ ಅದರ ಯೋಚನೆ ಕೊನೆಗೆ ಬರುತ್ತದೆ.

ಎಡಚರಿಗೆ ಆ ಸೌಕರ್ಯವಿಲ್ಲ. 1898ರಲ್ಲಿ ಜರ್ಮನ್ ಸೈನ್ಯ ಒಪ್ಪಿಕೊಂಡ ಮೌಸರ್, ನಂತರದ ಬಹುಪಾಲು ಬೋಲ್ಟ್ ರೈಫಲ್‌ಗಳಿಗೆ ಮಾದರಿ. ಅದರ ಹಿಡಿಕೆ ಬಲಕ್ಕೆ, ಖಾಲಿ ತೋಟೆ ಹಾರುವ ಕಂಡಿಯೂ ಬಲಕ್ಕೆ. ಸೈನ್ಯಕ್ಕೆ ಎಲ್ಲರೂ ಬಲಭುಜದಿಂದ ಹೊಡೆದರೆ ಸಾಕಿತ್ತು. ಎಡಭುಜಕ್ಕೆ ಕೋವಿ ಏರಿಸುವವರ ಎಡಗೆನ್ನೆ ಕೋವಿಮರದ ಬಲಬದಿಗೆ ಒತ್ತುತ್ತದೆ. ಆಗ ಬೋಲ್ಟು, ಕಂಡಿ ಎರಡೂ ಮುಖವಿರುವ ಕಡೆಗೇ. ಎರಡನೇ ಈಡಿಗೆ ಒಂದೋ ಎಡಗೈಯನ್ನು ಟ್ರಿಗರ್‌ನಿಂದ ತೆಗೆದು ಕೋವಿಯ ಮೇಲಿಂದ ದಾಟಿಸಬೇಕು, ಇಲ್ಲವೇ ಮುಂದೆ ಆತುಕೊಂಡ ಬಲಗೈ ಬಿಡಬೇಕು. ಬಲಗೈ ಬಿಟ್ಟರೆ ನಳಿಗೆ ತಗ್ಗುತ್ತದೆ, ಗುರಿ ಕಳೆಯುತ್ತದೆ.

ಎಡಚರಿಗೆ ಬಲಬೋಲ್ಟೇ ಚೆನ್ನ ಎಂದು ವಾದಿಸುವವರೂ ಉಂಟು. ಮೇಜಿನ ಮೇಲೆ ಮರಳುಚೀಲಕ್ಕೆ ಕೋವಿ ಒರಗಿಸಿ ಕೂತವರಿಗೆ ಅದು ನಿಜ. ಎಡಗೈ ಟ್ರಿಗರ್‌ನಲ್ಲೇ ಇದ್ದು ಬಲಗೈ ಬೋಲ್ಟು ಆಡಿಸಬಹುದು. ಆದರೆ ಬೇಟೆಯವರು ಮರಳುಚೀಲ ಹೊತ್ತು ಗುಡ್ಡ ಹತ್ತುವುದಿಲ್ಲ. ನಿಂತು, ಮಂಡಿಯೂರಿ ಹೊಡೆಯುವಾಗ ಈ ವಾದ ಕೈಕೊಡುತ್ತದೆ. ಬರೆಯುವುದು ಬಲಗೈಯಲ್ಲಾದರೂ ಎಡಗಣ್ಣೇ ಪ್ರಬಲವಾಗಿರುವವರು ಬಹಳ. ಇಂಥವರೂ ಎಡಭುಜದಿಂದ ಹೊಡೆದರೆ ಗುರಿ ಸರಿಯಾಗುತ್ತದೆ. ಆದ್ದರಿಂದ ಯೋಜನೆಯ ಮೊದಲ ಸಾಲು ‘ನಾನು ಎಡಚ’ ಎಂಬುದಲ್ಲ, ‘ನನ್ನ ಯಾವ ಕಣ್ಣು ಪ್ರಬಲ’ ಎಂಬುದಾಗಿರಬೇಕು.

ಎಡಬೋಲ್ಟು ಕಾರ್ಖಾನೆಯ ಮಾಲಾಗಿ ಗಟ್ಟಿಯಾಗಿ ಬಂದದ್ದು 1950ರ ದಶಕದ ಕೊನೆಯಲ್ಲಿ, ಸ್ಯಾವೇಜ್ 110ರಿಂದ. ಆಮೇಲೆ ರೆಮಿಂಗ್ಟನ್ 700 ಬಂತು. ಮೌಸರ್ ಜಾತಿಯ ಉದ್ದ ಕೊಕ್ಕೆ, ಅಂದರೆ ತೋಟೆಯ ಬುಡವನ್ನು ಪೆಟ್ಟಿಗೆಯಿಂದ ಎತ್ತುವಾಗಲೇ ಕಚ್ಚಿ ಹಿಡಿಯುವ ಚಪ್ಪಟೆ ಪಟ್ಟಿ, ಬೇಕೇಬೇಕೆಂದರೆ ಸೆರ್ಬಿಯಾದ ಜಸ್ತಾವಾ, ಅಮೆರಿಕದ ಡಕೋಟ 76ರಂಥ ಕೆಲವೇ ಎಡ ಆಕ್ಷನ್‌ಗಳು ಉಳಿಯುತ್ತವೆ. ಈ ಕೊಕ್ಕೆಯ ಬಗ್ಗೆ ಇರುವ ಭಕ್ತಿ ನನಗೆ ಅತಿ ಎನಿಸುತ್ತದೆ. ಮೇಲೆರಗುವ ಪ್ರಾಣಿಯ ಮುಂದೆ ಗಾಬರಿಯಲ್ಲಿ ಬೋಲ್ಟು ಅರ್ಧಕ್ಕೆ ಎಳೆದುಬಿಟ್ಟವರಿಗೆ ಅದು ಜೀವ ಉಳಿಸೀತು. ಜಿಂಕೆಯ ಕೋವಿಗೆ ಅದು ಅಂದದ ಸಂಗತಿ. ಅಂದಕ್ಕೆ ದುಡ್ಡು ಕೊಡಿ, ಭದ್ರತೆಗೆ ಕೊಟ್ಟೆ ಎಂದುಕೊಳ್ಳಬೇಡಿ.

ತೋಟೆಯ ಸರದಿ ಬರುವುದು ಈಗ. 7×57ರ ಬುಡದ ವ್ಯಾಸ 0.473 ಇಂಚು; .30-06, .270, .308ಗಳದ್ದೂ ಅಷ್ಟೇ. ಆದ್ದರಿಂದ ಎಡ ಆಕ್ಷನ್ ಸಿಕ್ಕಿತೆಂದರೆ ಬೋಲ್ಟಿನ ಮುಖ ಬದಲಿಸದೆಯೇ 7×57ರ ನಳಿಗೆ ಕೂರಿಸಬಹುದು. ತೊಂದರೆ ಇರುವುದು ಉದ್ದದಲ್ಲಿ. ತುಂಬಿದ ತೋಟೆ ಸುಮಾರು 78 ಮಿಲಿಮೀಟರ್. .308ರ ಗಿಡ್ಡ ಆಕ್ಷನ್ನಿಗೆ ಅದು ಉದ್ದವಾಯಿತು, .30-06ರ ಉದ್ದ ಆಕ್ಷನ್ನಿನಲ್ಲಿ ಸಡಿಲವಾಯಿತು.

1980ರಲ್ಲಿ ಬಂದ 7ಎಂಎಂ-08 ತೋಟೆ ಗಿಡ್ಡ ಆಕ್ಷನ್ನಿನಲ್ಲೇ 7×57ರ ಕೆಲಸ ಮಾಡುತ್ತದೆ. ಅಮೆರಿಕದ ಮಾನದಂಡ ಅದಕ್ಕೆ ಚದರ ಇಂಚಿಗೆ 61,000 ಪೌಂಡ್ ಒತ್ತಡ ಒಪ್ಪುತ್ತದೆ. ಲೋಕದಲ್ಲಿ ಹಳೆಯ, ಬಲಹೀನ ಕೋವಿಗಳು ಇನ್ನೂ ಇವೆ ಎಂಬ ಕಾರಣಕ್ಕೆ 7×57ಕ್ಕೆ 51,000ಕ್ಕೇ ಕಡಿವಾಣ. ಹೀಗಾಗಿ ಅಂಗಡಿಯ ಅಮೆರಿಕನ್ ತೋಟೆ ಮೆತ್ತಗಿರುತ್ತದೆ. ತೋಟೆ ತಾವೇ ತುಂಬಿಕೊಳ್ಳುವವರಿಗೆ ಇದು ಅಡ್ಡಿಯಲ್ಲ. ಕೊಂಡು ತರುವವರಿಗೆ 7×57 ಆರಿಸಲು ಪ್ರೀತಿಯ ಹೊರತು ಬೇರೆ ಕಾರಣ ಹುಡುಕುವುದು ಕಷ್ಟ.

ಪ್ರೀತಿ ಸಾಕಷ್ಟು ದೊಡ್ಡ ಕಾರಣವೇ. ಆದರೆ ಅದನ್ನು ಪೂರ್ತಿ ಮಾಡಬೇಕು. ಹಳೆಯ 7×57ರ ಗುಣ ಇದ್ದದ್ದು ಸುಮಾರು 11 ಗ್ರಾಂ ತೂಕದ ಉದ್ದ ಗುಂಡಿನಲ್ಲಿ. ಅದನ್ನು ನೆಟ್ಟಗೆ ಹಾರಿಸುವ, ನಳಿಗೆಯ ಒಳಗೀರುಗಳು 220 ಮಿಲಿಮೀಟರಿಗೊಂದು ಸುತ್ತು ಬರುವ ಬಿಗಿ ತಿರುವಿನಲ್ಲಿ. ಆ ಗುಂಡಿಗೆ ಜಾಗ ಬಿಡುವ, ನಳಿಗೆಯ ಉದ್ದ ಕಂಠದಲ್ಲಿ. ಹಳೆಯ ಹೆಸರು ಕೊರೆಸಿ, ನಳಿಗೆಯ ಒಳಗೆ ಹಗುರ ಗುಂಡಿನ ಗಿಡ್ಡ ಕಂಠ ಮಾಡಿಸುವವರನ್ನು ಕಂಡರೆ ನನಗೆ ಅಸಹನೆ. ಹೆಸರಿಗಷ್ಟೇ ಆಸೆಯಿದ್ದರೆ 7ಎಂಎಂ-08 ಕೊಂಡು ಸುಮ್ಮನಿರಬಹುದು.

ಎಲ್ಲಕ್ಕಿಂತ ಹೆಚ್ಚು ಹಣ ಪೋಲಾಗುವುದು ಮರದಲ್ಲಿ. ಅಕ್ರೋಟಿನ ದಿಮ್ಮಿ ಕೊಳ್ಳುವವರು ನೋಡುವುದು ಹಿಂಭಾಗದ ಕಪ್ಪು ಅಲೆಗಳನ್ನು. ನೋಡಬೇಕಾದ್ದು ಕೈ ಹಿಡಿಯುವ ಸಣ್ಣ ಭಾಗದಲ್ಲಿ ನಾರು ನೇರವಾಗಿ ಓಡಿದೆಯೇ ಎಂಬುದನ್ನು. ಮರ ಬಿರಿಯುವುದು ಅಲ್ಲೇ. ಕೋವಿಮರದ ಹಿಂಭಾಗವನ್ನು ನಳಿಗೆಯ ನೇರದಿಂದ ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಸುತ್ತಾರೆ, ಕಣ್ಣು ತಾನಾಗಿ ಗುರಿಸಾಲಿಗೆ ಬೀಳಲೆಂದು. ಬಲಗೈಯವರಿಗೆ ಬಲಕ್ಕೆ, ಎಡಚರಿಗೆ ಎಡಕ್ಕೆ. ಕೆನ್ನೆ ಆತುಕೊಳ್ಳುವ ಉಬ್ಬು ಎಡಚರಿಗೆ ಬಲಬದಿಯಲ್ಲಿರಬೇಕು. ಸೇಫ್ಟಿ ಕೀಲಿ ಎಡಹೆಬ್ಬೆರಳಿಗೆ ಸಿಗಬೇಕು. ಬೋಲ್ಟನ್ನು ಎಡಕ್ಕೆ ತಂದು ಮರವನ್ನು ಬಲಗೈಯ ಅಚ್ಚಿನಲ್ಲೇ ಬಿಟ್ಟ ಕೋವಿ, ಎಡಗಾಲಿಗೆ ಹೊಲಿದ ಬಲಗಾಲಿನ ಮೆಟ್ಟು.

ಬೋಲ್ಟಿನ ಜಗಳವೇ ಬೇಡವೆನ್ನುವವರಿಗೆ ದಾರಿಗಳಿವೆ. ಕೆನೆತ್ ಆಂಡರ್ಸನ್ ದಕ್ಷಿಣದ ಕಾಡುಗಳಲ್ಲಿ ಹಿಡಿದು ತಿರುಗಿದ .405 ವಿಂಚೆಸ್ಟರಿಗೆ ಬೋಲ್ಟಿನ ಹಿಡಿಕೆಯೇ ಇಲ್ಲ. ಹೊಟ್ಟೆಯಡಿಯ ಸನ್ನೆಯನ್ನು ಯಾವ ಕೈಯಿಂದಲೂ ಆಡಿಸಬಹುದು. ಕೊಡಗಿನ ಮನೆಗಳ ಜೋಡಿನಳಿಗೆಯ ಕೋವಿ ಬಾಗಿಸಿದರೆ ತೆರೆಯುತ್ತದೆ. 1967ರಿಂದ ಬಂದ ಒಂಟಿ ಈಡಿನ ರೂಗರ್ ನಂ. 1ಕ್ಕೂ ಎಡ-ಬಲದ ಭೇದ ಕಡಿಮೆ, ಅದು 7×57ರಲ್ಲೂ ಸಿಗುತ್ತಿತ್ತು. ಅಂದಹಾಗೆ, 1930ರಲ್ಲಿ ಚೌಗಢದ ಹೆಣ್ಣುಹುಲಿ ಎದುರಾದಾಗ ಕಾರ್ಬೆಟ್ಟರ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದವು. ಅವರು ಬಲಗೈಯೊಂದರಲ್ಲೇ ಕೋವಿ ತಿರುಗಿಸಿ ಹೊಡೆದರು. ಹಗುರವಾದ ಕೋವಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ.

ಕಾರ್ಬೆಟ್ಟರ ಕೋವಿಯ ಪಡಿಯಚ್ಚನ್ನೇ ಎಡಕ್ಕೆ ತಿರುಗಿಸಿ ಕಟ್ಟಿಸುವ ಆಸೆಯನ್ನು ಮಾತ್ರ ನಾನು ಒಪ್ಪಲಾರೆ. ಅದು ಅವರ ಮೈಯ ಅಳತೆ, ಅವರ ಕಾಲದ ಕಣ್ಣುಗುರಿ. ದುರ್ಬೀನು ಕೂರಿಸಬೇಕಾದ ಇಂದಿನ ಕೋವಿಗೆ ಮರದ ಎತ್ತರವೇ ಬೇರೆ. ವಿದೇಶದಲ್ಲಿದ್ದು, ಪರವಾನಗಿ ಪಡೆದು ಇಂಥದ್ದನ್ನು ಕಟ್ಟಿಸಹೊರಟ ಎಡಚ ಕನ್ನಡಿಗರು ಯಾರಾದರೂ ಇದ್ದರೆ ಒಂದು ಮಾತು. ಆಕ್ಷನ್ ಕೈಗೆ ಬರುವ ತನಕ ಮರಕ್ಕೆ ಮುಂಗಡ ಕೊಡಬೇಡಿ. ನಿಮ್ಮ ಅಳತೆಯನ್ನು ಕಟ್ಟುವವರೇ ಎದುರು ನಿಂತು ತೆಗೆದುಕೊಳ್ಳಲಿ. ಕೆತ್ತನೆಗೆಂದು ತೆಗೆದಿಟ್ಟ ಹಣವನ್ನು ತೋಟೆಗೆ ಹಾಕಿ, ಅಭ್ಯಾಸ ಮಾಡಿ.